ಅಟ್ಟದ ಹಲಗೆ, ಬೇತಂಚೆರ್ಲ ಕಲ್ಲು

ನೃತ್ಯವಿಜ್ಞಾನವನ್ನು ಒಲ್ಲದವರಿಗಿಂತ ಅದನ್ನು ಮೆಚ್ಚುವವರ ಜೊತೆಗೇ ನನ್ನ ಜಗಳ ಹೆಚ್ಚು. ಮೆಚ್ಚುವವರ ವಾದ ಎಲ್ಲರಿಗೂ ಗೊತ್ತಿರುವುದೇ: ನರ್ತಕಿಯ ಮೊಣಕಾಲು ಸವೆಯುತ್ತದೆ, ಸೊಂಟ ಹಿಡಿಯುತ್ತದೆ, ರಂಗಪ್ರವೇಶ ಮುಗಿಸಿದ ಹುಡುಗಿ ನೋವಿಗೆ ಹೆದರಿ ಗೆಜ್ಜೆ ಬಿಚ್ಚಿಡುತ್ತಾಳೆ, ಆದ್ದರಿಂದ ವಿಶ್ವವಿದ್ಯಾಲಯಗಳಲ್ಲಿ ಅಂಗರಚನೆ, ಶರೀರಕ್ರಿಯೆ, ಆಹಾರಶಾಸ್ತ್ರ ಕಲಿಸಬೇಕು, ಲಂಡನ್ನಿನಲ್ಲಿ ಕಲಿಸುತ್ತಿದ್ದಾರೆ, ನಾವು ಹಿಂದೆ ಬಿದ್ದಿದ್ದೇವೆ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಒಂದು ಇಡೀ ಶಾಸ್ತ್ರವನ್ನು ಮುಲಾಮಿನ ಡಬ್ಬಿಯಷ್ಟಕ್ಕೆ ಇಳಿಸುವ ಮೆಚ್ಚುಗೆ ಇದು. ನೋವು ಬಂದ ಮೇಲೆ ಬೇಕಾಗುವುದು ವೈದ್ಯ. ವಿಶ್ವವಿದ್ಯಾಲಯದ ಕೆಲಸ ಅದಕ್ಕಿಂತ ಮೊದಲಿನದು. ಒಂದು ದೇಹ ಹೀಗೆ ಕುಣಿಯಲು ಹೇಗೆ ಕಲಿಯಿತು, ಯಾವ ನೆಲದ ಮೇಲೆ, ಎಷ್ಟು ಹೊತ್ತು, ಯಾವ ಉಡುಪಿನಲ್ಲಿ, ಯಾರ ಜೊತೆಗೆ ಕುಣಿಯಿತು ಎಂದು ಕೇಳುವುದು. ಈ ಪ್ರಶ್ನೆಗಳನ್ನು ಕೇಳಲು ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗ, ನಾನಿರುವ ಸಿ. ಬೆಳಗಲ್‌ನಿಂದ ಆದೋನಿ, ಆಲೂರು, ಹೊಳಗುಂದದವರೆಗಿನ ನೆಲ, ಯಾವ ನಗರದ ಸ್ಟುಡಿಯೋಗೂ ಕಡಿಮೆಯಲ್ಲ ಎಂಬುದು ನನ್ನ ವಾದ.

ನೃತ್ಯ ವಿಶ್ವವಿದ್ಯಾಲಯದೊಳಗೆ ಬಂದ ಕಥೆಯನ್ನು ನಾವು ಗೌರವ ಸಿಕ್ಕ ಕಥೆಯಾಗಿ ಹೇಳುತ್ತೇವೆ. ಬರೋಡಾದಲ್ಲಿ ಪದವಿ ತರಗತಿ ಮೊದಲಾಯಿತು. ಮೈಸೂರು ವಿಶ್ವವಿದ್ಯಾಲಯ 1965ರಲ್ಲಿ ನೃತ್ಯವನ್ನು ಬರಮಾಡಿಕೊಂಡಾಗ, ಜಟ್ಟಿ ತಾಯಮ್ಮನವರ ಶಿಷ್ಯೆ, ದಶಕಗಳ ಕಾಲ ಅರಮನೆಯಲ್ಲಿ ನರ್ತಿಸಿದ್ದ ಕೆ. ವೆಂಕಟಲಕ್ಷಮ್ಮನವರು ಅಲ್ಲಿ ರೀಡರ್ ಆದರು. ಬೆಂಗಳೂರು ವಿಶ್ವವಿದ್ಯಾಲಯದ ನೃತ್ಯ ವಿಭಾಗವನ್ನು ನಡೆಸಿದವರು ಯು.ಎಸ್. ಕೃಷ್ಣರಾವ್. ಪತ್ನಿ ಚಂದ್ರಭಾಗಾದೇವಿಯವರೊಂದಿಗೆ ಮೀನಾಕ್ಷಿಸುಂದರಂ ಪಿಳ್ಳೈಯವರ ಬಳಿ ಕಲಿತು ಬಂದವರು. ದೇವದಾಸಿಯ ಕಲೆ ಎಂದು ಮೂಗು ಮುರಿಯುತ್ತಿದ್ದ ಸಮಾಜದ ಎದುರು ಇದು ಸಣ್ಣ ಗೆಲುವಲ್ಲ. ಅದನ್ನು ಕಿರಿದು ಮಾಡುವ ಉದ್ದೇಶ ನನಗಿಲ್ಲ.

ಆದರೆ ಕೃಷ್ಣರಾಯರ ವೃತ್ತಿ ಏನಾಗಿತ್ತು? ಅವರು ಸೆಂಟ್ರಲ್ ಕಾಲೇಜಿನ ರಸಾಯನಶಾಸ್ತ್ರದ ಪ್ರಾಧ್ಯಾಪಕರು. ಪ್ರಯೋಗಶಾಲೆಯನ್ನೂ ರಂಗವನ್ನೂ ಸಮನಾಗಿ ಬಲ್ಲ ಒಬ್ಬ ಮನುಷ್ಯ ನಮ್ಮ ವಿಶ್ವವಿದ್ಯಾಲಯದಲ್ಲಿ ನೃತ್ಯದ ಕುರ್ಚಿಯಲ್ಲೇ ಕುಳಿತಿದ್ದ. ಇದನ್ನು ನಾವು ಅವರ ಬಹುಮುಖ ಪ್ರತಿಭೆಯ ಸಾಕ್ಷಿಯಾಗಿ ಹೊಗಳುತ್ತ ಬಂದಿದ್ದೇವೆ. ನನಗೆ ಅದು ಕೈತಪ್ಪಿದ ಅವಕಾಶವಾಗಿ ಕಾಣುತ್ತದೆ. ಎರಡೂ ಕೋಣೆಗಳ ಕೀಲಿಕೈ ಒಬ್ಬರ ಕೈಯಲ್ಲೇ ಇತ್ತು. ನಡುವೆ ಒಂದು ಬಾಗಿಲು ಇಡಿಸಬೇಕೆಂದು ಸಂಸ್ಥೆಗೆ ತೋಚಲಿಲ್ಲ. ಆ ಕಾಲಕ್ಕೆ ಅಂಥ ಶಾಸ್ತ್ರವೇ ಇರಲಿಲ್ಲವಲ್ಲ ಎಂದು ಯಾರಾದರೂ ಹೇಳಬಹುದು. ಹೆಸರು ಇರಲಿಲ್ಲ, ನಿಜ. ನೃತ್ಯವೈದ್ಯಕೀಯ ಮತ್ತು ನೃತ್ಯವಿಜ್ಞಾನದ ಅಂತರರಾಷ್ಟ್ರೀಯ ಸಂಘ ಹುಟ್ಟಿದ್ದು 1990ರಲ್ಲಿ. ಲಂಡನ್ನಿನ ಲಾಬಾನ್ ಕೇಂದ್ರದಂಥ ಕಡೆ ಆ ಹೆಸರಿನಲ್ಲೇ ಸ್ನಾತಕೋತ್ತರ ಪದವಿ ಬಂದದ್ದು ಅದಕ್ಕೂ ಈಚೆಗೆ. ಆದರೆ ಬಾಗಿಲು ತೆರೆದವರು ಮೊದಲೇ ಇದ್ದರು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ 1926ರಲ್ಲಿ ನೃತ್ಯದ ಪದವಿ ಶುರುಮಾಡಿದ ಮಾರ್ಗರೆಟ್ ಹಡಬ್ಲರ್ ಓದಿದ್ದು ಜೀವಶಾಸ್ತ್ರ. ಆಕೆಯ ತರಗತಿಯಲ್ಲಿ ಒಂದು ಅಸ್ಥಿಪಂಜರ ನೇತಾಡುತ್ತಿತ್ತು. ಹೆಜ್ಜೆ ಹೇಳಿಕೊಡುವುದಕ್ಕೆ ಮೊದಲು ಕೀಲು ಎತ್ತ ತಿರುಗುತ್ತದೆ, ಎತ್ತ ತಿರುಗುವುದಿಲ್ಲ ಎಂದು ವಿದ್ಯಾರ್ಥಿಯೇ ಕಂಡುಕೊಳ್ಳಬೇಕು ಎಂಬುದು ಆಕೆಯ ಪಟ್ಟು. ನಮ್ಮ ನೃತ್ಯ ವಿಭಾಗಗಳು ಒಳಗೆ ಕರೆದುಕೊಂಡದ್ದು ಶ್ಲೋಕವನ್ನು, ಇತಿಹಾಸವನ್ನು, ಬಾನಿಯನ್ನು. ದೇಹವನ್ನು ಚಪ್ಪಲಿಯ ಜೊತೆ ಹೊರಗೇ ಬಿಡಿಸಿದವು. 28 ಅಸಂಯುತ ಹಸ್ತಗಳನ್ನೂ ವಿನಿಯೋಗ ಸಮೇತ ಒಪ್ಪಿಸಬಲ್ಲ ವಿದ್ಯಾರ್ಥಿನಿಗೆ ತನ್ನ ತೊಡೆಯ ಕೀಲು ಹೊರಕ್ಕೆ ಎಷ್ಟು ತಿರುಗೀತು ಎಂಬುದು ತಿಳಿದಿರುವುದಿಲ್ಲ.

ಇಲ್ಲಿ ಇನ್ನೊಂದು ಗುಂಪು ಎದ್ದು ನಿಲ್ಲುತ್ತದೆ: ಇದೆಲ್ಲ ನಮ್ಮ ಶಾಸ್ತ್ರಗಳಲ್ಲೇ ಇದೆ, ಪರದೇಶದಿಂದ ತರುವುದೇನು? ಅರ್ಧ ಒಪ್ಪುತ್ತೇನೆ. ನಾಟ್ಯಶಾಸ್ತ್ರದಲ್ಲಿ ಚಾರಿಗಳನ್ನು ವಿವರಿಸುವ ಅಧ್ಯಾಯ ವ್ಯಾಯಾಮದ ಮಾತಿಗೂ ಬರುತ್ತದೆ. ಮೈಗೆ ಎಣ್ಣೆ ಅಥವಾ ಗಂಜಿ ಹಚ್ಚಿ ಅಭ್ಯಾಸ ಮಾಡಬೇಕು, ಗೋಡೆಯನ್ನು ಆಸರೆಯಾಗಿ ಹಿಡಿಯಬೇಕು, ಬಲಕ್ಕಾಗಿ ಜಿಡ್ಡಿನ ಆಹಾರ, ರಸ, ಪಾನಕ ಸೇವಿಸಬೇಕು ಎಂದು ಅದು ಹೇಳುತ್ತದೆ. ಬ್ಯಾಲೆಯವರ ಗೋಡೆಗಂಬಿಗಿಂತ ಎಷ್ಟೋ ಶತಮಾನ ಹಿಂದಿನ ಮಾತಿದು. ಸೇವುಣರ ದೇವಗಿರಿಯಲ್ಲಿದ್ದ ಶಾರ್ಙ್ಗದೇವ 13ನೆಯ ಶತಮಾನದಲ್ಲಿ ಸಂಗೀತರತ್ನಾಕರ ಬರೆದಾಗ ಸ್ವರಕ್ಕೂ ಮೊದಲು ಪಿಂಡೋತ್ಪತ್ತಿ ಹೇಳಿದ. ಗರ್ಭದಲ್ಲಿ ದೇಹ ಹೇಗೆ ರೂಪುಗೊಳ್ಳುತ್ತದೆ, ಅದರ ಅಂಗಗಳಾವುವು ಎಂದು ತಿಳಿಸದೆ ಗೀತನೃತ್ಯಗಳ ಮಾತು ಎತ್ತಲು ವೈದ್ಯರ ವಂಶದ ಆ ಮನುಷ್ಯನಿಗೆ ಮನಸ್ಸಾಗಲಿಲ್ಲ. ಎರಡು ಶತಮಾನದ ಬಳಿಕ ಕಲ್ಲಿನಾಥ ಅದಕ್ಕೆ ವ್ಯಾಖ್ಯಾನ ಬರೆದದ್ದು ವಿಜಯನಗರದಲ್ಲಿ, ನಮ್ಮ ಊರಿನ ಕಡೆಗೆ ಹರಿದುಬರುವ ಇದೇ ತುಂಗಭದ್ರೆಯ ದಡದಲ್ಲಿ. ಹಾಗಾಗಿ ದೇಹದ ಅರಿವು ನೃತ್ಯಕ್ಕೆ ಹೊರಗಿನದು ಎನ್ನುವವರು ತಮ್ಮ ಗ್ರಂಥಗಳನ್ನೇ ಓದಿಲ್ಲ.

ಉಳಿದ ಅರ್ಧವನ್ನು ಮಾತ್ರ ಬಿಟ್ಟುಕೊಡಲಾರೆ. ಶಾಸ್ತ್ರ ವಿಧಿಸುತ್ತದೆ. ಎಣ್ಣೆ ಹಚ್ಚಿದವನಿಗೂ ಹಚ್ಚದವನಿಗೂ ಏನು ವ್ಯತ್ಯಾಸವಾಯಿತು ಎಂದು ಅದು ಅಳೆದು ಹೇಳುವುದಿಲ್ಲ. ಅಳೆಯುವ ಕೆಲಸ ನಮ್ಮ ಪಾಲಿನದು. ಗ್ರಂಥವನ್ನು ಪೂಜಿಸುತ್ತ ಅಳತೆಯನ್ನು ತಪ್ಪಿಸಿಕೊಂಡರೆ ಶಾರ್ಙ್ಗದೇವ ತೋರಿದ ಕುತೂಹಲಕ್ಕೆ ನಾವು ಬೆನ್ನು ಹಾಕಿದಂತೆ.

ಮಂಡಿಗಳನ್ನು ಹೊರಕ್ಕೆ ಮಡಚಿ ಅರ್ಧ ಕೂರುವ ಅರೆಮಂಡಿಯನ್ನೇ ನೋಡಿ. ಚಿಕ್ಕಂದಿನಲ್ಲಿ ಕರ್ನೂಲಿನಲ್ಲಿ ಎರಡು ವರ್ಷ ನೃತ್ಯ ಕಲಿತೆ. ನಾನು ಎಷ್ಟು ಕುಳಿತರೂ ಗುರುಗಳಿಗೆ ಸಾಲುತ್ತಿರಲಿಲ್ಲ. ಪಕ್ಕದ ಹುಡುಗಿಯ ಪಾದಗಳು ಒಂದೇ ಗೆರೆಗೆ ಬಂದು ನಿಲ್ಲುತ್ತಿದ್ದವು, ನನ್ನವು ನಿಲ್ಲುತ್ತಿರಲಿಲ್ಲ. ಸೋಮಾರಿತನ ಎಂದು ಅವರೂ ನಂಬಿದರು, ನಾನೂ ನಂಬಿದೆ. ಪಾದವನ್ನು ಒತ್ತಾಯದಿಂದ ತಿರುಗಿಸಿದೆ. ಮೊಣಕಾಲಿನ ಒಳಬದಿ ಊದಿಕೊಂಡಿತು. ಗೊತ್ತಿರಬೇಕಾಗಿದ್ದ ಸಂಗತಿ ತೀರಾ ಸಣ್ಣದು. ಮೊಣಕಾಲು ಬಾಗಿಲ ತಿರುಗಣಿಯಂಥ ಕೀಲು, ಮಡಚುವುದು ಅದರ ಕೆಲಸ. ಹೊರತಿರುವು ಬರಬೇಕಾದದ್ದು ಸೊಂಟದ ಕೀಲಿನಿಂದ. ಆ ಕೀಲಿನ ಗುಳಿ ಎಷ್ಟು ಆಳ, ತೊಡೆಮೂಳೆಯ ಕತ್ತು ಎಷ್ಟು ತಿರುಚಿಕೊಂಡಿದೆ ಎಂಬುದು ಒಬ್ಬೊಬ್ಬರಲ್ಲಿ ಒಂದೊಂದು ರೀತಿ. ಬೆಳವಣಿಗೆ ನಿಂತ ಮೇಲೆ ಮೂಳೆಯ ಆಕಾರವನ್ನು ಯಾವ ಅಭ್ಯಾಸವೂ ಬದಲಿಸದು. ಸೊಂಟ ಕೊಡದ ತಿರುವನ್ನು ಪಾದದಿಂದ ಕಸಿದುಕೊಂಡರೆ ನಡುವಿನ ಮೊಣಕಾಲು ತಿರುಚುತ್ತದೆ. ಗುರುಗಳನ್ನು ದೂರುತ್ತಿಲ್ಲ, ಅವರ ಕೈಗೆ ಯಾವ ವಿಶ್ವವಿದ್ಯಾಲಯವೂ ಈ ತಿಳಿವಳಿಕೆ ಕೊಟ್ಟಿರಲಿಲ್ಲ. ಆದರೆ ಒಂದೇ ಕೋನವನ್ನು ಎಲ್ಲ ಮಕ್ಕಳ ಮೇಲೂ ಹೇರುವುದಕ್ಕೆ ಸಂಪ್ರದಾಯ ಎಂಬ ಹೆಸರು ಕೊಡುವವರನ್ನು ನಾನು ಒಪ್ಪುವುದಿಲ್ಲ. ಮಂಡಿ ಪಾದದ ಬೆರಳುಗಳ ನೇರಕ್ಕೆ ಬಂದಿದೆಯೇ ಎಂಬುದೇ ಚೆಲುವಿನ ಅಳತೆಯಾಗಬಹುದು. ಎಷ್ಟು ಅಗಲ ಎಂಬುದೇ ಆಗಬೇಕಿಲ್ಲ.

ಇಲ್ಲಿಯವರೆಗೆ ಹೇಳಿದ್ದನ್ನು ನಗರದ ನೃತ್ಯವಿಜ್ಞಾನಿಗಳೂ ಒಪ್ಪುತ್ತಾರೆ. ಅವರಿಗೂ ನನಗೂ ಬೇರೆಯಾಗುವುದು ಮುಂದಿನ ಮಾತಿನಲ್ಲಿ. ಈ ಶಾಸ್ತ್ರದ ಈಗಿನ ಅಳತೆಗಳು ಬಹುಪಾಲು ಬಂದಿರುವುದು ಬ್ಯಾಲೆ ಮತ್ತು ಆಧುನಿಕ ನೃತ್ಯದವರ ದೇಹಗಳಿಂದ, ಮರದ ಪುಟಿಯುವ ನೆಲ ಹಾಸಿದ, ಚಳಿಗೆ ಬೆಚ್ಚಗೆ ಮಾಡಿದ ಕೋಣೆಗಳಿಂದ. ಆ ಅಳತೆಗಳನ್ನು ಹಾಗೆಯೇ ಇಳಿಸಿಕೊಂಡರೆ ನಾವು ಕಲಿತದ್ದು ಅವರ ದೇಹವನ್ನು, ನಮ್ಮದನ್ನಲ್ಲ. ಹಗಲೆಲ್ಲ ಹತ್ತಿ ಬಿಡಿಸಿ, ಶೇಂಗಾ ಕಿತ್ತು, ರಾತ್ರಿ ಬರಿಗಾಲಲ್ಲಿ ಬೆಳಗಿನವರೆಗೆ ಕುಣಿಯುವ ದೇಹದ ಬಗ್ಗೆ ಆ ಪುಸ್ತಕಗಳಲ್ಲಿ ಹೆಚ್ಚೇನೂ ಇಲ್ಲ.

ದೊಡ್ಡಾಟಕ್ಕೆ ನಮ್ಮ ಬಳ್ಳಾರಿ ಸೀಮೆಯ ಕಡೆ ಅಟ್ಟದಾಟ ಎಂಬ ಹೆಸರೂ ಇದೆ. ಕಂಬ ನೆಟ್ಟು, ಮೇಲೆ ಹಲಗೆ ಹೊದಿಸಿದ ಅಟ್ಟ. ಕಿರೀಟ, ಭುಜಕೀರ್ತಿ, ಎದೆಹಾರಗಳ ಭಾರ ಹೊತ್ತ ಪಾತ್ರಧಾರಿ ಅದರ ಮೇಲೆ ಧಡಧಡ ಹೆಜ್ಜೆ ಹಾಕಿದಾಗ ಹಲಗೆ ಸದ್ದು ಮಾಡುತ್ತದೆ. ಆ ಸದ್ದು ಆಟದ ವಾದ್ಯವೇ ಎಂಬಷ್ಟು ಮುಖ್ಯ ಎಂದು ವಿದ್ವಾಂಸರು ಬರೆದಿದ್ದಾರೆ. ಅವರು ನೋಡದೆ ಬಿಟ್ಟದ್ದು ಸದ್ದಿನ ಜೊತೆಗೆ ಹಲಗೆ ಬಾಗುತ್ತದೆ ಎಂಬುದನ್ನು. ಇಳಿದುಬಂದ ಪಾದ ನಿಲ್ಲಲು ತೆಗೆದುಕೊಳ್ಳುವ ಹೊತ್ತು ಹೆಚ್ಚಿದಷ್ಟೂ ಕೀಲಿಗೆ ಬೀಳುವ ಪೆಟ್ಟು ತಗ್ಗುತ್ತದೆ. ಇದು ಶಾಲೆಯ ಭೌತಶಾಸ್ತ್ರ. ಪುಟಿಯುವ ನೆಲಕ್ಕೆ ಲಕ್ಷಗಟ್ಟಲೆ ಸುರಿಯುವ ನೃತ್ಯಶಾಲೆಗಳು ಕೊಳ್ಳುವುದು ಇದೇ ಬಾಗುವಿಕೆಯನ್ನು. ಸೆಗಣಿ ಸಾರಿಸಿದ ಕಣಕ್ಕೂ, ಊರ ಮುಂದಿನ ಎರೆಮಣ್ಣಿಗೂ ತಮ್ಮದೇ ಆದ ಒಂದು ಕೊಡುವಿಕೆ ಇತ್ತು. ಈಗ ಅಟ್ಟ ಬಿಚ್ಚಿ ಸಿಮೆಂಟಿನ ಕಟ್ಟೆ ಬಂದಿದೆ, ಗುಡಿಯಂಗಳಕ್ಕೆ ಬೇತಂಚೆರ್ಲ ಕಲ್ಲು ಹಾಸಿಸಿದ್ದಾರೆ. ದೊಡ್ಡಾಟ ಕ್ಷೀಣಿಸಿದ್ದಕ್ಕೆ ಸಿನಿಮಾ, ಟಿವಿ ಕಾರಣ ಎಂದು ಎಲ್ಲರೂ ಹೇಳುತ್ತಾರೆ. ನೆಲ ಬದಲಾದದ್ದನ್ನು ಕಾರಣಗಳ ಪಟ್ಟಿಯಲ್ಲಿ ನಾನು ಎಲ್ಲಿಯೂ ಕಂಡಿಲ್ಲ. ಐವತ್ತು ದಾಟಿದ ಕಲಾವಿದ ಕಲ್ಲಿನ ಮೇಲೆ ಎಷ್ಟು ರಾತ್ರಿ ಕುಣಿದಾನು?

ಇದನ್ನು ಹಳೆಯದೆಲ್ಲ ಚೆನ್ನ ಎಂಬ ಹಂಬಲವಾಗಿ ಓದಬಾರದು. ಅಟ್ಟದ ಹಲಗೆ ಎಲ್ಲ ಕಡೆ ಒಂದೇ ಸಮ ಬಾಗುವುದಿಲ್ಲ. ಕಂಬದ ಮೇಲೆ ಗಟ್ಟಿ, ನಡುವೆ ಮೆದು. ಪಾದ ಎದುರುನೋಡದ ಗಟ್ಟಿತನ ತಾಗಿದಾಗ ಹಿಮ್ಮಡಿಗಂಟು ಉಳುಕುವ ಅಪಾಯವೂ ಇದೆ. ಲಾಭವೋ ನಷ್ಟವೋ, ತೂಗಿ ಹೇಳಬೇಕಾದವರು ಯಾರು? ಹಲಗೆಯ ಕೆಳಗೆ ಅಳತೆಯ ಸಾಧನ ಇಟ್ಟು ಒಂದು ರಾತ್ರಿಯ ಆಟ ದಾಖಲಿಸುವ ವಿದ್ಯಾರ್ಥಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ, ಮೈಸೂರಿನ ಗಂಗೂಬಾಯಿ ಹಾನಗಲ್ ವಿಶ್ವವಿದ್ಯಾಲಯ, ಮೂರಕ್ಕೂ ಹೇಳಿ ಮಾಡಿಸಿದಂಥ ಪ್ರಬಂಧ ಇದು.

ಗೊರವರ ಕುಣಿತಕ್ಕೆ ಬರುತ್ತೇನೆ. ಮೈಲಾರಲಿಂಗನ ಒಕ್ಕಲು, ಕನ್ನಡದಲ್ಲಿ ಗೊರವ, ನಮ್ಮ ಕಡೆಯ ತೆಲುಗಿನಲ್ಲಿ ಗೊರವಯ್ಯ. ಮೈಮೇಲೆ ಕರಿ ಕಂಬಳಿ, ತಲೆಗೆ ಕರಡಿಗೂದಲ ಟೊಪ್ಪಿಗೆ, ಕೈಯಲ್ಲಿ ಡಮರುಗ, ಬಾಯಲ್ಲಿ ಪಿಳ್ಳಂಗೋವಿ. ಜಾನಪದ ಪುಸ್ತಕಗಳು ಈ ವೇಷವನ್ನು ಚೆನ್ನಾಗಿ ವರ್ಣಿಸಿವೆ, ಐತಿಹ್ಯವನ್ನು ಕೂಡಿಸಿವೆ, ಅಷ್ಟಕ್ಕೇ ನಿಂತಿವೆ. ಬೇಸಿಗೆ ನಲವತ್ತು ಡಿಗ್ರಿ ದಾಟುವ ಸೀಮೆಯಲ್ಲಿ ಉಣ್ಣೆ ಹೊದ್ದು ಸುತ್ತು ಸುತ್ತುವ ದೇಹಕ್ಕೆ ಏನಾಗುತ್ತದೆ ಎಂದು ಕೇಳಿಲ್ಲ. ಉಣ್ಣೆ ಬೆವರನ್ನು ಆರಗೊಡದೆ ಶಾಖವನ್ನು ಹಿಡಿದಿಡುತ್ತದೆಯೋ, ಅಥವಾ ಕುರಿ ಕಾಯುವವರು ನಂಬುವಂತೆ ಬಿಸಿಲನ್ನು ತಡೆದು ಕಾಪಾಡುತ್ತದೆಯೋ? ಎರಡಕ್ಕೂ ಭೌತಿಕ ಕಾರಣಗಳಿವೆ. ಯಾವುದು ಗೆಲ್ಲುತ್ತದೆ ಎಂಬುದು ಕುಣಿತದ ವೇಗದ ಮೇಲೆ, ಗಾಳಿಯ ಮೇಲೆ ನಿಂತಿದೆ. ಒಬ್ಬ ಅಜ್ಜನನ್ನು ಒಮ್ಮೆ ಕೇಳಿದೆ: “ಅಜ್ಜ, ಇಷ್ಟೊತ್ತು ಕುಣಿದ್ರ ಕಾಲು ನೋಯಂಗಿಲ್ಲೇನು?” ಅವನೆಂದ: “ಮಣ್ಣಿನ ಮ್ಯಾಲೆ ಕುಣಿದ್ರ ಏನೂ ಆಗಂಗಿಲ್ಲಪ್ಪ. ಗುಡಿ ಮುಂದ ಕಲ್ಲು ಹಾಸ್ಯಾರಲ್ಲ, ಅಲ್ಲಿ ಕುಣಿದ ಮಾರನೇ ದಿನ ಮೆಟ್ಟಲ ಇಳಿಯಾಕ ಬರಂಗಿಲ್ಲ.” ಮೆಟ್ಟಿಲು ಇಳಿಯುವಾಗ ಕಾಣುವ ನೋವು ಮಂಡಿಚಿಪ್ಪಿನ ಕೀಲಿನ ಮೇಲೆ ಬಿದ್ದ ಒತ್ತಡದತ್ತ ಬೊಟ್ಟು ಮಾಡುತ್ತದೆ. ಮೂಳೆತಜ್ಞರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಅದೂ ಒಂದು. ಅಜ್ಜ ಎರಡು ನೆಲಗಳನ್ನು ಹೋಲಿಸಿದ, ಫಲವನ್ನು ಮಾರನೆಯ ದಿನ ನೋಡಿದ, ಲಕ್ಷಣವನ್ನು ಖಚಿತವಾಗಿ ಹೇಳಿದ. ಅವನ ಮಾತನ್ನು ನಾನು ಅನುಭವದ ಜಾಣ್ಮೆ ಎಂದು ಬೆನ್ನು ತಟ್ಟಿ ಬಿಡಲಾರೆ. ಅದು ಪರೀಕ್ಷೆಗೆ ಕಾದಿರುವ ಪ್ರಮೇಯ.

ದೇವರಗಟ್ಟಿನ ವಿಷಯದಲ್ಲಿ ನಾನು ಇನ್ನೂ ಒಂಟಿ. ಹೊಳಗುಂದ ಮಂಡಲದ ಆ ಗುಡ್ಡದಲ್ಲಿ ವಿಜಯದಶಮಿಯ ಮಧ್ಯರಾತ್ರಿ ಮಾಳ ಮಲ್ಲೇಶ್ವರನ ಉತ್ಸವಮೂರ್ತಿಗಾಗಿ ನೆರಣಿಕಿ ಮತ್ತು ಸುತ್ತಲ ಊರುಗಳವರು ಬಡಿಗೆ ಹಿಡಿದು ಎದುರಾಗುತ್ತಾರೆ. ಮಾರನೆಯ ದಿನದ ಪತ್ರಿಕೆಗಳಲ್ಲಿ ಗಾಯಾಳುಗಳ ಲೆಕ್ಕ. ಅದು ಬೇಕು, ತಲೆ ಒಡೆದಿವೆ, ಜೀವಗಳೂ ಹೋಗಿವೆ, ಭಂಡಾರ ಹಚ್ಚಿ ಮನೆಗೆ ಕಳಿಸುವುದು ಚಿಕಿತ್ಸೆಯಲ್ಲ ಎಂದು ನಾನೂ ಹೇಳುತ್ತೇನೆ. ಆದರೆ ಪಂಜಿನ ಬೆಳಕಿನಲ್ಲಿ, ನೂಕುನುಗ್ಗಲಲ್ಲಿ, ಕಬ್ಬಿಣದ ಬಳೆ ತೊಡಿಸಿದ ಬಡಿಗೆಗಳು ಮೇಲೇಳುತ್ತ ಇಳಿಯುತ್ತ ಇರುವಾಗ ಸಾವಿರಾರು ಜನ ಗಾಯವಿಲ್ಲದೆ ಮರಳುತ್ತಾರಲ್ಲ, ಅದು ಹೇಗೆ? ಬಡಿಗೆಯನ್ನು ತಲೆಯ ಮೇಲೆ ಅಡ್ಡ ಹಿಡಿಯುವುದು, ತಾಳಕ್ಕೆ ಬಡಿಯುವುದು, ಗುಂಪು ಒಂದೇ ಮೈಯಾಗಿ ಹಿಂದಕ್ಕೂ ಮುಂದಕ್ಕೂ ತುಯ್ಯುವುದು, ಇವು ಕಲಿತ ಚಲನೆಗಳು. ಹುಡುಗರು ವರ್ಷವರ್ಷ ನೋಡಿ ನೋಡಿ ಕಲಿತದ್ದು. ಪೊಲೀಸರು ಇದನ್ನು ಕಾನೂನಿನ ಪ್ರಶ್ನೆಯಾಗಿ, ಭಕ್ತರು ನಂಬಿಕೆಯ ಪ್ರಶ್ನೆಯಾಗಿ ನೋಡುತ್ತಾರೆ. ಚಲನೆಯ ಪ್ರಶ್ನೆಯಾಗಿ ನೋಡಿದವರು ಇದ್ದಿದ್ದರೆ, ಎಲ್ಲಿ ಈ ಹೊಂದಾಣಿಕೆ ಮುರಿಯುತ್ತದೆ, ಕುಡಿದವನ ಕೈ ಎಷ್ಟು ತಡವಾಗುತ್ತದೆ, ಹೊರಗಿನಿಂದ ಬಂದು ನಡುವೆ ಸಿಕ್ಕವನಿಗೆ ಯಾಕೆ ಮೊದಲು ಪೆಟ್ಟಾಗುತ್ತದೆ ಎಂದು ಹೇಳಲು ಇಷ್ಟು ಹೊತ್ತಿಗೆ ಏನಾದರೂ ಇರುತ್ತಿತ್ತು. ನಿಷೇಧ, ಸಮರ್ಥನೆ ಎರಡಕ್ಕಿಂತ ಅದು ಜೀವ ಉಳಿಸುವ ಜ್ಞಾನ.

ಅಳತೆಯಿಂದ ರಸ ಸಾಯುತ್ತದೆ ಎನ್ನುವವರಿಗೆ ಒಂದೇ ಉದಾಹರಣೆ ಸಾಕು. 2005ರಲ್ಲಿ ಲಂಡನ್ನಿನ ಸಂಶೋಧಕರು ಬ್ಯಾಲೆ ಕಲಿತವರಿಗೂ ಬ್ರೆಜಿಲ್ಲಿನ ಕಪೋಯೆರಾ ಕಲಿತವರಿಗೂ ಎರಡೂ ನೃತ್ಯಗಳ ತುಣುಕು ತೋರಿಸಿ ಅವರ ಮಿದುಳಿನ ಚಟುವಟಿಕೆ ದಾಖಲಿಸಿದರು. ತಾನು ಮೈಯಾರೆ ಕಲಿತ ನೃತ್ಯವನ್ನು ನೋಡುವಾಗ ನೋಡುವವನ ಮಿದುಳಿನ ಚಲನೆಯ ಭಾಗಗಳು ಹೆಚ್ಚು ಎಚ್ಚರಗೊಂಡವು. ಸಹೃದಯ ಎಂದರೆ ಯಾರು ಎಂದು ಸಾವಿರ ವರ್ಷ ಚರ್ಚಿಸಿದ ನಮಗೆ ಇದು ಎಷ್ಟು ಹತ್ತಿರದ ಮಾತು! ಎಂಆರ್‌ಐ ಕೊಳವೆಯಲ್ಲಿ ಅಲುಗಾಡದೆ ಮಲಗಿ ತುಣುಕು ನೋಡುವುದಕ್ಕೂ ಉರುಕುಂದಿ ಈರಣ್ಣನ ಜಾತ್ರೆಯಲ್ಲಿ ನಿಂತು ನೋಡುವುದಕ್ಕೂ ಅಂತರ ಬಹಳ; ಆ ಪ್ರಯೋಗ ರಸವನ್ನು ವಿವರಿಸಿತು ಎಂದು ನಾನು ಹೇಳಲಾರೆ. ನೋಡುವವನೂ ಮೈಯಿಂದಲೇ ನೋಡುತ್ತಾನೆ ಎಂಬುದನ್ನು ಮಾತ್ರ ಅದು ತೋರಿತು. ಜಾತ್ರೆಯಲ್ಲಿ ಗೊರವ ತಿರುಗಿದಾಗ ಸುತ್ತ ನಿಂತವರ ಹೆಗಲು ಅಲುಗುವುದನ್ನು ಕಂಡ ಯಾರಿಗೂ ಇದು ಅಪರಿಚಿತವಲ್ಲ.

ಉಳಿದದ್ದು, ಈ ಶಾಸ್ತ್ರವನ್ನು ಯಾರು ಓದಬೇಕು ಎಂಬುದು. 1953ರಲ್ಲಿ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಬಳ್ಳಾರಿಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದಾಗಿನಿಂದ ಇಲ್ಲಿನ ಕುಣಿತಗಳು ಎರಡು ನಕ್ಷೆಗಳ ಅಂಚಿನಲ್ಲಿವೆ. ಕರ್ನಾಟಕದ ಜಾನಪದ ಸಮೀಕ್ಷಕರ ಗೆರೆ ಗಡಿಯಲ್ಲಿ ನಿಲ್ಲುತ್ತದೆ, ಆಂಧ್ರದ ವಿಶ್ವವಿದ್ಯಾಲಯಗಳಲ್ಲಿ ನೃತ್ಯವೆಂದರೆ ಮೊದಲು ಕೂಚಿಪುಡಿ. ಇಂಟರ್ಮೀಡಿಯೆಟ್‌ನಲ್ಲಿ ಜೀವಶಾಸ್ತ್ರವಿರುವ ಬೈಪಿಸಿ ತೆಗೆದುಕೊಂಡ ನಮ್ಮ ಮಗುವಿಗೆ ಮುಂದೆ ಕಾಣುವುದು ನೀಟ್ ಮಾತ್ರ. ಮೂಳೆ, ಸ್ನಾಯು, ಹೃದಯದ ಪಾಠ ಅದೇ ಪುಸ್ತಕದಲ್ಲಿದೆ. ಅದಕ್ಕೂ ತನ್ನ ಮನೆಯ ಕುಣಿತಕ್ಕೂ ನಂಟಿದೆ ಎಂದು ಯಾವ ಕಾಲೇಜೂ ಹೇಳುವುದಿಲ್ಲ. ಸಾಧನಗಳಿಗೆ ಕೋಟಿ ಬೇಕು ಎಂಬ ನೆಪವನ್ನೂ ಒಪ್ಪಲಾರೆ. ಕುಣಿಯುವ ಮುಂಚೆ, ಕುಣಿದ ಬಳಿಕ ತೂಕ ನೋಡಿದರೆ ಎಷ್ಟು ಬೆವರು ಹೋಯಿತು ಗೊತ್ತಾಗುತ್ತದೆ. ಒಂದು ಕಿಲೋ ಇಳಿದರೆ ಸುಮಾರು ಒಂದು ಲೀಟರ್. ಮಣಿಕಟ್ಟು ಹಿಡಿದು ಹದಿನೈದು ಸೆಕೆಂಡ್ ನಾಡಿ ಎಣಿಸಿ ನಾಲ್ಕರಿಂದ ಗುಣಿಸಲು ಗಡಿಯಾರವಿದ್ದರೆ ಸಾಕು.

ಬೈಪಿಸಿ ಓದುವ ಹುಡುಗಿಯೊಬ್ಬಳು, ಗೊರವರ ಮನೆಯವಳು, ನಾನು ಈ ಲೆಕ್ಕ ಹೇಳಿದ್ದನ್ನು ಕೇಳಿಸಿಕೊಂಡು ಸುಮ್ಮನೆ ಎದ್ದು ಹೋದಳು. ಆಮೇಲೆ ತಿಳಿಯಿತು, ಗೊಬ್ಬರದಂಗಡಿಯ ತಕ್ಕಡಿ ಕೇಳಿ ತಂದು ಅಜ್ಜನನ್ನು ಅದರ ಮೇಲೆ ನಿಲ್ಲಿಸುತ್ತಿದ್ದಾಳೆಂದು. ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಗೆರೆ ಎಳೆದಿದ್ದಾಳೆ: ಮೊದಲು, ಆಮೇಲೆ, ನೆಲ. ಮೂರನೆಯದರಲ್ಲಿ ಈವರೆಗೆ ಪ್ರತಿ ಸಾಲಿನಲ್ಲೂ ‘ಕಲ್ಲು’ ಎಂದೇ ಇದೆ. ಮಣ್ಣಿನ ಮೇಲೆ ಕುಣಿಯುವ ಜಾತ್ರೆಗೆ ಇನ್ನೂ ಎರಡು ತಿಂಗಳಿದೆ.